ಕೆಂಪು, ಕೆಂಪು, ಕಂದು

ಜೋರಾಪುರ ಪೇಟಿಯೊಳಗ ಮೂವತ್ತೆಂಟು ವರ್ಷ
ಸುಟ್ಟ ಮೋಟಾರ್ ಬಿಚ್ಚಿ, ಕರಕಾದ ತಂತಿ ಕಿತ್ತು,
ಹೊಸಾ ತಾಮ್ರ ಸುತ್ತಿದ ಕೈ ಇದು.
ನಾನೂರಾ ನಲವತ್ತು ವೋಲ್ಟು ಎರಡು ಸಲ ಎತ್ತಿ ಒಗದರೂ
ಎದ್ದು ಕುಂತು ಚಾ ಕುಡದಾಂವ ನಾನು.

ಮೊನ್ನೆ ಒಂಬತ್ತು ವೋಲ್ಟಿನ ಬ್ಯಾಟರಿ
ನನ್ನ ಮಾನ ಕಳೀತು.

ಎದುರು ಮನಿ ಶಿಫಾ, ಎಂಟನೇತ್ತೆ,
ಸಾಲ್ಯಾಗ ಕೊಟ್ಟ ಡಬ್ಬಿ ತಂದು ಬೆಂಚಿನ ಮ್ಯಾಲ ಸುರುವಿದಳು:
ಜೀರಿಗಿಯಂಥಾ ಸಾಮಾನು,
ಅಂಗೈಯಗಲ ಒಂದು ನೀಲಿ ಹಲಗಿ.
"ಉದ್ದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್, ಕಾಕಾ."
ಇಷ್ಟೇನಾ ಅಂದು ನೆಟ್ಟಗ ಬ್ಯಾಟರಿಗೇ ಹಚ್ಚಿದೆ.
ಒಂದು ಮಿಂಚು. ಒಗ್ಗರಣಿ ಹೊತ್ತಿದಂಥಾ ವಾಸನಿ.
ಆಮ್ಯಾಲ ಆ ಎಲ್‌ಇಡಿ ಯಾರ ಮಾತೂ ಕೇಳಲಿಲ್ಲ.

ಹುಡುಗಿ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.
ರೆಸಿಸ್ಟರ್ ಎತ್ತಿ ನನ್ನ ಕಣ್ಣಿನ ಹತ್ತರ ಹಿಡದಳು:
"ಕೆಂಪು, ಕೆಂಪು, ಕಂದು. ಇನ್ನೂರಾ ಇಪ್ಪತ್ತು.
ಹರಿಯೋದನ್ನ ಒಂಚೂರು ತಡೀಬೇಕು ಕಾಕಾ,
ಅಂದ್ರನ ಬೆಳಕು."

ರಾತ್ರಿ ಬಣ್ಣ ಬಾಯಿಪಾಠ ಮಾಡಿದೆ.
ಕಂದಿಗೂ ಕೆಂಪಿಗೂ ಫರಕ್ ಕಾಣಲಾರದ ವಯಸ್ಸು.

ಬರೆಯೋದು ಇನ್ನೂ ತ್ರಾಸು.
ಸಾಲಿನ ಕಡೀಕ ಆ ಬಾಲದ ಚುಕ್ಕಿ ಬಿಟ್ಟರ
ಏಳನೇ ಸಾಲು ತಪ್ಪಂತ ಬೈತಿತ್ತು;
ಏಳನೇದನ್ನ ಎಷ್ಟು ತಿಕ್ಕಿದರೂ ಕಲಿ ಇದ್ದದ್ದು ಆರನೇದ್ದರಾಗ.
ನಮ್ಮ ಓಣಿ ಜಗಳಾನೂ ಹಂಗ.

ಆದರ ಲೂಪ್ ಅಂದಳಲ್ಲ, ಅದನ್ನ ಯಾರೂ ಕಲಿಸಬೇಕಾಗಿರಲಿಲ್ಲ.
ಸುತ್ತು. ಮತ್ತ ಸುತ್ತು.
ಅರವತ್ತೆರಡು ಸುತ್ತಿನ ಕಾಯಿಲ್, ನಲವತ್ತೊಂದಕ್ಕ
ಯಾರರ ಬಂದು ಆರಾಮೇನ್ರೀ ಅಂದರ
ಬಿಚ್ಚಿ, ಒಂದರಿಂದ.

ಗುಂಡಿ ಒಮ್ಮೆ ಒತ್ತಿದರ ಹಲಗಿ ನಾಕು ಅಂತು.
ಬೆರಳು ನಡಗಾಕತ್ತಾವ ಅಂತ ಕೈ ಕಿಸೇದಾಗ ಇಟ್ಟೆ.
"ನಿಮ್ಮ ಕೈ ಅಲ್ಲ. ಗುಂಡಿ ಒಳಗನ ನಡಗತೈತಿ.
ಐವತ್ತು ಮಿಲಿಸೆಕೆಂಡ್ ತಾಳಿ ಕೇಳು ಅಂತ ಬರೀರಿ."
ತಾಳಿ ಕೇಳು.
ಬರದೆ.

ಎಂಟೊಂಬತ್ತು ದಿವಸಕ್ಕೊಮ್ಮೆ, ನಡುರಾತ್ರಿಯೋ ನಸಿಕಿನ್ಯಾಗೋ,
ನಮ್ಮ ನಳಕ್ಕ ನೀರು;
ಓಣಿ ಹೆಂಗಸರ ನಿದ್ದಿ ಅದಕ್ಕ ಒತ್ತಿ ಇಟ್ಟದ್ದು.
ನಳದ ಬಾಯಾಗ ಎರಡು ತಂತಿ ತುದಿ, ಕಿಟಕ್ಯಾಗ ಬಜರ್,
ಇಬ್ಬರೂ ಕೂಡಿ ಹಚ್ಚಿದಿವಿ.
ನೀರು ಬಂತು. ಬಜರ್ ತೆಪ್ಪಗ ಕುಂತಿತ್ತು.
ನಮ್ಮನ್ನ ನಂಬಿ ಮಲಗಿದ್ದ ಗಂಗವ್ವ
ಬೈದ ಬೈಗಳ ಇಲ್ಲಿ ಬರಿಯಾಕ ಬರೂದಿಲ್ಲ.

ಶಿಫಾ ಮೂರು ಸಲ ಸಾಲು ಸಾಲು ಓದಿದಳು. ಎಲ್ಲಾ ಸರಿ.
ನಾನು ತಂತಿ ತುದಿಗೆ ಉಗುರು ಹಚ್ಚಿದೆ. ನುಣ್ಣಗ.
ನನ್ನ ಅಂಗಡಿ ತಂತಿ, ಮೈತುಂಬ ವಾರ್ನಿಶ್.
ಮೂವತ್ತೆಂಟು ವರ್ಷ ಬ್ಲೇಡಿಲೆ ಕೆರದು ಜೋಡಿಸಿದಾಂವ
ಅವತ್ತೊಂದು ದಿವಸ ಕೆರದಿರಲಿಲ್ಲ.
"ಇದು ನಿನ್ನ ಪುಸ್ತಕದಾಗ ಇರೂದಿಲ್ಲವಾ," ಅಂದೆ.
ಹುಡುಗಿ ಈಗ ನಕ್ಕಳು.

ಮುಂದಿನ ಪಾಳಿ. ಮೂರೂ ಹತ್ತಕ್ಕ ಕೂಗಿತು.
ಚಿಲಕ ತೆಗೆದ ಸಪ್ಪಳ, ಕೊಡದ ಸಪ್ಪಳ,
ಯಾರದೋ ಕೂಸು ಎದ್ದು ಅತ್ತ ಸಪ್ಪಳ.
ಐದಕ್ಕ ನೀರು ನಿಂತಿತು,
ಬಜರ್ ನಿಲ್ಲಲಿಲ್ಲ.
ಎರಡು ತುದಿ ನಡುವ ಒಂದು ಹನಿ ಜೋತಾಡತಿತ್ತು.

"ಸುಳ್ಳು ಹೇಳಾಕತ್ತೈತಿ ನಿಮ್ಮ ಪೆಟಿಗಿ," ಗಂಗವ್ವ.
"ಸುಳ್ಳಲ್ಲ ದೊಡ್ಡವ್ವ, ಹನಿ ಐತಲ್ಲ.
ಎಷ್ಟಕ್ಕ ನೀರು ಅನ್ನಬೇಕಂತ ನಾವs ಹೇಳಿಲ್ಲ."

ಕಟ್ಟಿ ಮ್ಯಾಲ ಕುಂತೆವು. ಮುನ್ನೂರು ಅಂತ ಬರಿಯೋದೋ, ಐನೂರೋ?
ಗಂಗವ್ವ ಕೊಡ ಕೆಳಗಿಟ್ಟು ಸೆರಗಿಲೆ ಕೈ ಒರಸಿಕೊಂಡಳು:
"ಒಂದು ಕೊಡ ತುಂಬಿದರ ನೀರನ್ನು.
ಅದಕ್ಕ ಕಡಿಮಿ ಇದ್ದರ ಬರೇ ಸುದ್ದಿ."

ಅದಕ್ಕೊಂದು ನಂಬರ್ ಹುಡುಕಾಕ
ಶಿಫಾ ನಳದ ಬುಡಕ ಕುಂತಾಳ,
ನಾನು ಬ್ಲೇಡ್ ಹಿಡಕೊಂಡು.