ತೊಂದೂರಿನ ಮುಚ್ಚಳ

ಜುಬೇದಾ, ಆ ಒಲೆ ಸ್ವಲ್ಪ ಸಣ್ಣ ಮಾಡು,
ತೊಂದೂರು ಕುಣಿಯುತ್ತಿದೆ.
ಕೇಳು, ಆ ಗುಂಡಿಯೂ ಹೀಗೇ ಆದದ್ದಂತೆ.

ಇವರು ಹತ್ತೊಂಬತ್ತು ವರ್ಷ
ತಾಯಿಫಿನ ದಾರಿಯಲ್ಲಿ ನೀರಿನ ಟ್ಯಾಂಕರ್ ಓಡಿಸಿದರು.
ಒಮ್ಮೆ ಕಾಗದದೊಳಗೆ ಒಂದು ಫೋಟೋ ಬಂತು:
ನೆಲದ ನಡುವೆ ನೆಲವೇ ಇಲ್ಲ,
ತಳದಲ್ಲಿ ಬಿಳಿ, ಬಿಳಿಯಲ್ಲಿ ಒಂದು ಚುಕ್ಕೆ.
ಹಿಂದೆ ಬರೆದಿದ್ದರು, "ಚುಕ್ಕೆ ನಾನು."
ಉಳ್ಳಾಲದ ಈ ಗೋಡೆಯಲ್ಲಿ, ಕ್ಯಾಲೆಂಡರಿನ ಬದಿಗೆ,
ಆ ಚುಕ್ಕೆಗೆ ಸಲಾಂ ಹೇಳಿಯೇ
ಬೀಡಿ ಕಟ್ಟಲು ಕೂರುತ್ತಿದ್ದೆ.
ಮಕ್ಕಳು "ಇದು ಅಬ್ಬ, ಇದು ಅಬ್ಬ" ಎಂದು
ಬೆರಳಿಟ್ಟು ಬೆರಳಿಟ್ಟು
ಚುಕ್ಕೆ ಅಳಿಸಿಹೋಯಿತು.

ಹೋದ ವರ್ಷ ಉಮ್ರಾ ಮುಗಿದ ಮೇಲೆ
"ಬಾ, ತೋರಿಸುತ್ತೇನೆ" ಅಂದರು.
ಸಫ್ವಾನನ ಕಾರು. ಕುಂಬಳೆಯ ಹುಡುಗ, ಕಲ್ಲು ಮಣ್ಣು ಓದಿದವನು.
ಕರಿಕಲ್ಲು, ಮತ್ತೆ ಕರಿಕಲ್ಲು,
ಮೀನಿನ ವಾಸನೆ ಇಲ್ಲದ ಗಾಳಿ.
ಬೆಟ್ಟವಾದರೆ ದೂರದಿಂದಲೇ ಹೇಳುತ್ತದೆ, ನಾನಿದ್ದೇನೆ ಅಂತ.
ಗುಂಡಿ ಹೇಳುವುದಿಲ್ಲ.
ಕಾರು ನಿಂತಿತು, ಇಳಿದೆ, ಹತ್ತು ಹೆಜ್ಜೆ.
ಹನ್ನೊಂದನೆಯದಕ್ಕೆ ಜಾಗ ಇರಲಿಲ್ಲ.

ಅಲ್ಲಾಹ್. ಬಾಯಿಗೆ ಬಂದದ್ದು ಅಷ್ಟೇ.

ಆಕಾಶದಿಂದ ಏನೋ ಬಿದ್ದು ಆದ ಹೊಂಡ
ಎನ್ನುತ್ತಿದ್ದರಂತೆ ಮೊದಲೆಲ್ಲ.
"ಇಲ್ಲ ಉಮ್ಮಾ, ಮೇಲಿನಿಂದ ಏನೂ ಬೀಳಲಿಲ್ಲ,
ಕೆಳಗಿನಿಂದ ಕರಗಿದ ಕಲ್ಲು ಏರುತ್ತಾ ಬಂತು,
ದಾರಿಯಲ್ಲಿ ನೆಲದೊಳಗಿನ ನೀರು ಸಿಕ್ಕಿತು.
ನೀರಿಗೆ ಕುದಿಯಲೂ ಪುರುಸೊತ್ತಿಲ್ಲ,
ಒಂದೇ ಉಸಿರಿಗೆ ಹಬೆ."
"ತೊಂದೂರಿನ ಮುಚ್ಚಳ!" ಅಂದೆ.
ತೊಂದೂರು ಅವನು ಕಂಡಿರಲಿಲ್ಲ. ಕುಕ್ಕರ್ ಅಂದೆ. ನಕ್ಕ.
ಮುಚ್ಚಳ ಹಾರಿ, ಪುಡಿಯಾಗಿ ಸುತ್ತ ಬಿದ್ದು,
ಬದಿಗಳು ಕುಸಿದು ಕುಸಿದು ಬಾಯಿ ಅಗಲವಾಯಿತು.
ಆಮೇಲೆ ಎಂದೋ ಒಮ್ಮೆ ಬೀಳುವ ಮಳೆ
ತಳಕ್ಕಿಳಿದು, ನಿಂತು, ಒಣಗಿ, ಉಪ್ಪು ಬಿಟ್ಟು ಹೋಯಿತು,
ಬಾವಿನೀರು ಕಾಯಿಸಿದ ಪಾತ್ರೆಗೆ ಅಂಟುವ ಬಿಳಿಯ ಹಾಗೆ.
ಎಷ್ಟು ವರ್ಷದ ಹಿಂದೆ ಅಂತ ಕೇಳಿದೆ.
ಅವನು ಹೇಳಿದ ಸೊನ್ನೆಗಳಿಗೆ
ನನ್ನ ಬೀಡಿ ಪುಸ್ತಕದಲ್ಲಿ ಜಾಗ ಇಲ್ಲ.

ಇವರ ಮೊಣಕಾಲು ಇಳಿಯಲು ಒಪ್ಪಲಿಲ್ಲ.
ಅಂಚಿನ ಕಲ್ಲಿನ ಮೇಲೆ ಕೂತರು.
ನಾನು ಇಳಿದೆ.
ಹೌದು, ನಾನು. ಬುರ್ಖಾದ ತುದಿ ಮುಷ್ಟಿಯಲ್ಲಿ,
ಕಾಲಿಗೆ ಇವರ ಶೂ.
ಅರ್ಧ ದಾರಿಯಲ್ಲಿ ಕುಳ್ಳು ಈಚಲ ಮರಗಳು,
ಬುಡ ಮುಟ್ಟಿದರೆ ತಂಪು.
ನೀರು ಇನ್ನೂ ಅಲ್ಲೇ ಇದೆ, ಜುಬೇದಾ,
ಅಷ್ಟೆಲ್ಲ ಆದ ಮೇಲೂ.

ತಳದಲ್ಲಿ ಉಪ್ಪು ಬಿರಿದು ಅಂಚು ಎದ್ದಿತ್ತು
ಕಾವಲಿ ಬಿಡುವ ನೀರುದೋಸೆಯಂತೆ.
ಒಂದು ಚೂರು ನಾಲಿಗೆಗಿಟ್ಟೆ. ಕಹಿ.
ನಮ್ಮ ಕಡಲು ಬದಿಯಿಂದ ತಿನ್ನುತ್ತದೆ,
ಆಟಿಗೊಂದು ತೆಂಗು, ಆಟಿಗೊಂದು ಜಗಲಿ,
ಬೊಬ್ಬೆ ಹಾಕಿಯೇ ತಿನ್ನುತ್ತದೆ.
ಇಲ್ಲಿ ಬೊಬ್ಬೆ ಮುಗಿದು ಯಾವ ಕಾಲವಾಯಿತೋ.

ತಲೆ ಎತ್ತಿದೆ. ಮೇಲೆ ಒಂದು ಚುಕ್ಕೆ.
ಕೈ ಬೀಸಿತೋ, ಗಾಳಿಗೆ ಶಾಲು ಹಾರಿತೋ.
"ಕೇಳ್ತದಾ?" ಅಂತ ಕೂಗಿದೆ,
ಆ ಕಾಲದಲ್ಲಿ ಎಸ್‌ಟಿಡಿ ಬೂತಿನಿಂದ ಕೂಗುತ್ತಿದ್ದ ಹಾಗೆ.

ಹತ್ತಿ ಬರುವಾಗ ಅಸರ್ ಆಗಿತ್ತು.
ಇವರು ಏನೂ ಕೇಳಲಿಲ್ಲ.
ಶೂವಿನ ಉಪ್ಪು ಕೊಡವಿ ತಾವು ಹಾಕಿಕೊಂಡರು.

ಒಂದು ಹಿಡಿ ಕರವಸ್ತ್ರದಲ್ಲಿ ತಂದಿದ್ದೆ.
ಅಗೋ, ಹಾರ್ಲಿಕ್ಸ್ ಬಾಟಲಿಯಲ್ಲಿ.
ಯಾವ ಕಾಲದಿಂದಲೋ ಒಣಗಿ ಕೂತಿದ್ದದ್ದು
ಉಳ್ಳಾಲದ ಒಂದೇ ಜೂನಿಗೆ ನೀರು ಬಿಟ್ಟಿತು.
ಇವರು ಬೆಳಕಿಗೆ ಹಿಡಿದು ನೋಡಿ
"ಟ್ಯಾಂಕರ್ ತುಂಬಿತು" ಅಂದರು.

ಅದನ್ನು ಒಲೆಯಿಂದ ದೂರ ಇಡು, ಜುಬೇದಾ.
ಕಡುಬು ಬೆಂದಿರಬೇಕು.
ಮುಚ್ಚಳ ತೆಗೆಯುವಾಗ ಮುಖ ಹಿಂದೆ ಮಾಡು.