ಕಾಟಾ ಚೀಟಿ

ಅಮರಗೋಳದ ಎಪಿಎಂಸಿ ಗೇಟಿನ ಕಾಟಾದಾಗ
ನಿಮ್ಮಪ್ಪ ಫಕ್ಕೀರೇಶ ರಾತ್ರಿ ಪಾಳಿ ಕೂತಾನ.
ತುಂಬಿದ ಲಾರಿ ಒಮ್ಮೆ, ಖಾಲಿ ಲಾರಿ ಒಮ್ಮೆ,
ಕಳದು ಉಳದದ್ದು ಮಾಲು.
ಚೀಟಿ ಹರದು ಕೊಡತಾನ.

ನಾನೂ ಎರಡು ಸಲ ಹತ್ತಿ ಇಳದೀನಿ, ಮಗಳ.
ಒಮ್ಮೆ ನೂರಾ ಹದಿನೆಂಟು,
ಒಮ್ಮೆ ಎಪ್ಪತ್ತೊಂದು.
ಕಳದದ್ದು ಏನು, ಉಳದದ್ದು ಏನು ಅಂತ
ಯಾರೂ ಬರದು ಕೊಡಲಿಲ್ಲ.

ವಿದ್ಯಾನಗರದ ದವಾಖಾನಿಯೊಳಗ
ಡಾಕ್ಟರ್ ಹಾಳಿ ಮ್ಯಾಲ ಗೆರಿ ಎಳದು ತೋರಿಸಿದ್ರು:
ಇಷ್ಟಿದ್ದ ಹೊಟ್ಟಿ ಇಷ್ಟಾಗತದ,
ಒಂದು ಬಾಳಿಹಣ್ಣಿನಷ್ಟ.
ಕತ್ತರಿಸಿದ್ದನ್ನ ಎಲ್ಲಿ ಒಗೀತಾರ ಅಂತ ಕೇಳಬೇಕಂತಿದ್ದೆ,
ಅಷ್ಟರೊಳಗ ನಿದ್ದಿ ಸೂಜಿ.

ಎರಡು ವರ್ಷಕ್ಕ ನೀ ಬಂದಿ.
ಬಂದವರು ಮೊದಲ ನನ್ನ ಸೆರಗ ನೋಡತಾರ,
ಆಮ್ಯಾಲ ನಿನ್ನ ಮಾರಿ.
‘ಹೊಟ್ಟಿ ಕೊಯ್ಸಿಕೊಂಡಾಕಿಗೆ ಹಾಲು ಎಲ್ಲಿಂದ ಬರತಾವ?’
ಹಿತ್ತಲಗೋಡಿ ಆಚೆ ಸಂಕವ್ವನ ದನಿ,
ಕುಕ್ಕರ್ ಸೀಟಿಗಿಂತ ಸ್ಪಷ್ಟ.

ನಮ್ಮತ್ತಿ ನೀಲಗಂಗವ್ವ ಮುಂಡರಗಿಯಿಂದ ತಂದ್ರು
ಡಬ್ಬಿ ತುಂಬ ಅಂಟಿನುಂಡಿ,
ಅಳವಿ, ಉತ್ತತ್ತಿ, ಒದ್ದಿ ಅರಿವಿಯಾಗ ಸುತ್ತಿದ ಸಬ್ಬಸಗಿ.
ಬಾಣಂತಿ ಉಂಡಷ್ಟ ಕೂಸಿಗೆ ಅಂತ
ರೊಟ್ಟಿ ಮ್ಯಾಲ ತುಪ್ಪ ಸುರದು ಎದುರು ಕೂತ್ರು.
ಮೂರನೇ ತುತ್ತಿಗೆ ಒಳಗಿನ ಬಾಗಿಲ ಮುಚ್ಚಿತು.
ಆದರೂ ಒಂದು ಉಂಡಿ ಪೂರಾ ತಿಂದೆ, ಅವರ ಮಾರಿ ನೋಡಿ.
ಬೆಲ್ಲ ಇಳದ ಹತ್ತು ನಿಮಿಷಕ್ಕ
ಬೆವರು, ಎದಿ ಡವಡವ, ಕಣ್ಣಿಗೆ ಕತ್ತಲಿ.
ಬಚ್ಚಲದಾಗ ನಳ ಜೋರು ಬಿಟ್ಟೆ,
ವಾಂತಿ ಸಪ್ಪಳ ಅವರಿಗೆ ಕೇಳಬಾರದಂತ.

ಹಾಲಿಲ್ಲದ ಕಾಲಕ್ಕ ತುಂಬಿಕೊಂಡಿದ್ದ ಎದಿ
ಹಾಲು ಬರೋ ಹೊತ್ತಿಗೆ
ಹತ್ತಿ ತಗದ ತೆಲಿದಿಂಬಿನ ಚೀಲ ಆಗೈತಿ.
ಎರಡು ಬಳ್ಳಿನಿಂದ ಮಡಚಿ ನಿನ್ನ ಬಾಯಿಗಿಡತೀನಿ.
ನೀ ಹುಡುಕತಿ, ಸಿಟ್ಟಿಗೇಳತಿ, ಮತ್ತ ಹುಡುಕತಿ.
ನಿನಗ ಹಳೇ ಫೋಟೋ ಗೊತ್ತಿಲ್ಲ,
ಅದ ನನ್ನ ಪುಣ್ಯ.

ಮೊದಲನೇ ದಿನ ಸಿಸ್ಟರ್ ಜೆಸಿಂತಾ ಅಂದಿದ್ರು,
‘ಕೂಸಿನ ಹೊಟ್ಟಿ ಇವತ್ತ ಗೋಲಿಗುಂಡಿನಷ್ಟ.
ನಾಕು ಹನಿ ಸಾಕು. ಮತ್ತ ಎರಡು ತಾಸಿಗೆ ನಾಕು ಹನಿ.
ಹೆದರಬ್ಯಾಡ.’
ಅವರು ನಿನ್ನ ಬಗ್ಗೆ ಹೇಳತಿದ್ರು.
ನಾ ನನ್ನ ಬಗ್ಗೆ ಕೇಳಿಸಿಕೊಂಡೆ.

ಈಗ ನಮ್ಮಿಬ್ಬರದೂ ಒಂದ ಪಾಳಿ.
ನೀ ಗುಟುಕು ಗುಟುಕು, ನಾ ಚಮಚಾ ಚಮಚಾ.
ನಡುವ ಕಬ್ಬಿಣದ ಗುಳಿಗಿ, ಅದರಿಂದ ದೂರ ಕ್ಯಾಲ್ಸಿಯಂ ಗುಳಿಗಿ,
ತಿಂಗಳಿಗೊಂದು ಬಿ-ಟ್ವೆಲ್ವ್ ಸೂಜಿ,
ಅದರಾಗ ನಿನಗೂ ಪಾಲು.
ಕೆಲವು ರಾತ್ರಿ ಸಾಲೂದಿಲ್ಲ.
ಡಬ್ಬಿ ಹಾಲು ಮೂವತ್ತು ಎಮ್ಮೆಲ್, ಒಳಲಿಯಾಗ ಕುಡಸ್ತೀನಿ.
ಅದನ್ನ ಸಂಕವ್ವಗ ಹೇಳೂದಿಲ್ಲ,
ನಿನಗ ಮಾತ್ರ.

ಹದಿನೈದನೇ ದಿನ ದವಾಖಾನಿ ತಕ್ಕಡಿ ಮ್ಯಾಲ
ನೀ ಇನ್ನೂರು ಗ್ರಾಂ ಏರಿದ್ದಿ.
ತೂಕ ಏರಿತು ಅಂದ ಮಾತಿಗೆ
ಜೀವಮಾನದಾಗ ಮೊದಲ ಸಲ ನಕ್ಕೆ.
ಸಿಸ್ಟರಿಗೆ ತಿಳೀಲಿಲ್ಲ, ಇಷ್ಟ್ಯಾಕ ನಗತಾಳ ಈಕಿ ಅಂತ.

ನಿನ್ನೆ ರಾತ್ರಿ ಮೂರಕ್ಕ ಅಡಿಗಿಮನಿಯಾಗ ದೀಪ.
ಅತ್ತಿ ನೆಲದ ಮ್ಯಾಲ ಕೂತು
ತಂದ ಉಂಡಿ ಎಲ್ಲಾ ಪುಡಿ ಮಾಡಿ,
ಪುಠಾಣಿ ಹಿಟ್ಟು ಕಲಿಸಿ, ಬೆಲ್ಲ ಸಪ್ಪಗ ಮಾಡಿ,
ಮತ್ತ ಕಟ್ಟಾಕತ್ತಿದ್ರು, ಗೋಲಿಗುಂಡಿನಷ್ಟ.
ನಳದ ಸಪ್ಪಳ ಅವರಿಗೆ ಅವತ್ತ ಕೇಳಿರಬೇಕು.
ಏನೂ ಅನಲಿಲ್ಲ. ಒಂದು ನನ್ನ ಅಂಗೈಯಾಗ ಇಟ್ಟು,
‘ನುಂಗಬ್ಯಾಡ, ತಾನ ಕರಗಲಿ’ ಅಂದ್ರು.

ನಸುಕಿನ್ಯಾಗ ನಿಮ್ಮಪ್ಪ ಬಂದ,
ಅಂಗಿ ತುಂಬ ಮೆಣಸಿನಕಾಯಿ ಘಾಟು.
ಬಾಗಿಲದಾಗ ನಿಂತು ಸೀನಿ ಕೇಳಿದ:
‘ಎಷ್ಟಾತು?’
ನೀ ಕಣ್ಣು ಮುಚ್ಚಿ ಇನ್ನೂ ಎಳೀತಿದ್ದಿ.
‘ತಡೀರಿ,’ ಅಂದೆ,
‘ಗಾಡಿ ಇನ್ನೂ ತುಂಬಾಕತ್ತೈತಿ.’