ಬೆಲ್ಲ ಸವರಿದ ಬಂಡೆ

ಕರಡಿಯನ್ನು ನಾನು ಮೊದಲು ನೋಡಿದ್ದು
ಗಾದಿಲಿಂಗಪ್ಪನ ನೆತ್ತಿಯ ಮೇಲೆ.
ಹುಬ್ಬಿನಿಂದ ಹಿಂದಲೆಯವರೆಗೆ ನಾಲ್ಕು ಗೆರೆ.
ಅರಿಶಿನ, ಕಾಫಿಪುಡಿ, ಹೆಂಡತಿಯ ಹರಿದ ಸೆರಗು
ಎಲ್ಲ ಒತ್ತಿ ತಂದಿದ್ದರು ಕಂಪ್ಲಿ ಆಸ್ಪತ್ರೆಗೆ.
ಕರೆಂಟಿಲ್ಲದ ರಾತ್ರಿ.
ಡಾಕ್ಟರು ಹೊಲಿದರು, ನಾನು ಮೊಬೈಲಿನ ಬೆಳಕು ಹಿಡಿದೆ.
ಮೂವತ್ತೇಳು ಹೊಲಿಗೆ. ಎಣಿಸಿದವಳು ನಾನೇ.
ಸೀತಾಫಲಕ್ಕೆ ಗುಡ್ಡ ಹತ್ತಿದ್ದನಂತೆ,
ಅದೂ ಸೀತಾಫಲಕ್ಕೇ ಬಂದಿತ್ತಂತೆ.
ಮಂಪರಿನಲ್ಲಿ ಅವನು ಹೇಳಿದ್ದು ಇಷ್ಟೇ:
"ಅದು ಒದರಲಿಲ್ರೀ ಸಿಸ್ಟರ್. ಒದರಿದ್ದು ನಾನಾ."

ಆಮೇಲೆ ಎಂಟು ನೈಟು ಮುಗಿಸಿದಾಗ ಸಿಕ್ಕಿದ್ದು ಒಂದು ಆಫು.
ಮಕ್ಕಳ ದಸರಾ ರಜೆ ಕರಗುತ್ತಿತ್ತು.
ಮೈಸೂರು, ಮೈಸೂರು ಎನ್ನುತ್ತಿದ್ದವರನ್ನು
ದುಡ್ಡಿನ ಮಾತೆತ್ತದೆ ದರೋಜಿಗೆ ಒಪ್ಪಿಸಿದೆವು.
ಒಂದು ಬೈಕು, ನಾಲ್ಕು ಜನ:
ಟ್ಯಾಂಕಿನ ಮೇಲೆ ಪಂಪ, ನಡುವೆ ಅಂಬಿಕಾ,
ಕೊನೆಯಲ್ಲಿ ನಾನು, ತೊಡೆಯ ಮೇಲೆ ಮಂಡಕ್ಕಿ ಒಗ್ಗರಣೆಯ ಡಬ್ಬಿ.
ಕಾಲುವೆಯ ತನಕ ಭತ್ತ, ಬಾಳೆ, ಕಬ್ಬು;
ದಾಟಿದ್ದೇ ತಡ, ಬಂಡೆ.
ಯಾರೋ ಜಗಳದ ನಡುವೆ ಕೈಬಿಟ್ಟು ಎದ್ದುಹೋದ ಹಾಗೆ
ಬಂಡೆಯ ಮೇಲೆ ಬಂಡೆ.
ಹೆಸರಿನಲ್ಲಿ ಹುಲಿಯನ್ನಿಟ್ಟುಕೊಂಡ ನನ್ನ ಗಂಡ ಹುಲುಗಪ್ಪ
ಗೇಟಿನಲ್ಲೇ ಕೇಳಿದ:
"ಗೋಪುರ ಹತ್ತಂಗಿಲ್ಲ ಹೌದಲ್ರೀ ಅದು?"

ಎದುರಿನ ಬಂಡೆಗೆ ವಾಚರ್ ಖಾಜಾಸಾಬ
ಬೆಲ್ಲದ ಪಾಕ ಸವರುತ್ತಿದ್ದ,
ಗಾಯಕ್ಕೆ ಮುಲಾಮು ಹಚ್ಚುವಷ್ಟು ನಿಧಾನವಾಗಿ.
ಯಾರೂ ನೋಡುತ್ತಿಲ್ಲ ಅಂದುಕೊಂಡು
ಕೊನೆಗೆ ತನ್ನ ಬೆರಳು ನೆಕ್ಕಿದ.

ಕಾದೆವು.
ಒಂದು ಮುಂಗುಸಿ ಬಂದು ಪಾಕದ ರುಚಿ ನೋಡಿ ಹೋಯಿತು.
ನವಿಲು ಬಂದವು. ಪಂಪ ಮುಖ ತಿರುಗಿಸಿದ:
"ಇವು ನಮ್ಮ ಸಾಲಿ ಹಿಂದೂ ಅದಾವು."
ಬಳ್ಳಾರಿಯವರೊಬ್ಬರು ತೋಳುದ್ದದ ಕ್ಯಾಮೆರಾ ಹಿಡಿದು
ನಮ್ಮ ಡಬ್ಬಿಯ ಮುಚ್ಚಳದ ಸದ್ದಿಗೆ ಹಲ್ಲು ಕಡಿದರು.

ನಾಲ್ಕೂವರೆ ಇರಬೇಕು,
ಒಂದು ಬಂಡೆಯ ನೆರಳು ಎದ್ದು ನಡೆಯಿತು.
ಬೆನ್ನ ಮೇಲೆ ಎರಡು ಮರಿ,
ನಮ್ಮ ಬೈಕಿನ ಹಾಗೇ, ಒಂದನ್ನೊಂದು ಅವುಚಿಕೊಂಡು.

ಬೈನಾಕ್ಯುಲರು ಕೈಯಿಂದ ಕೈಗೆ ಬಂತು.
ಎಲ್ಲರೂ ಮುಖ ನೋಡಿದ್ದರು, ಎದೆಯ ಬಿಳಿ ಗುರುತು ನೋಡಿದ್ದರು.
ನಾನು ಉಗುರು ನೋಡಿದೆ.
ಉಗುರಿಗೂ ಉಗುರಿಗೂ ನಡುವಿನ ಜಾಗ ಅಳೆದೆ ಕಣ್ಣಲ್ಲೇ.
ಹೌದು. ಅಷ್ಟೇ.
ಇದೇ ಅಲ್ಲ ಅದು, ಗೊತ್ತು; ಆ ಗುಡ್ಡ ಬೇರೆ.
ಆದರೂ ಕೈಗೆ ಸ್ಪಿರಿಟ್ಟಿನ ವಾಸನೆ ಬಂತು.

ಸಿಟ್ಟು ಬರಬಹುದು ಅಂದುಕೊಂಡಿದ್ದೆ.
ಇಲ್ಲವೆ, ಈ ಚಂದಕ್ಕೆ ಸೋತು
ಎಲ್ಲ ಮರೆಯಬಹುದು ಅಂತಲೂ.
ಎರಡೂ ಬರಲಿಲ್ಲ.
ಅದು ಬೆಲ್ಲ ನೆಕ್ಕುತ್ತಿತ್ತು, ಅಷ್ಟೇ,
ಹಬ್ಬದ ಮರುದಿನ ಪಾತ್ರೆಯ ತಳ ಬಳಿಯುವವರ ಹಾಗೆ.
ಒಂದು ಮರಿ ಜಾರಿತು.
ತಾಯಿ ಪಂಜ ತಿರುಗಿಸಿತು,
ಉಗುರಿನ ಕಡೆಯಲ್ಲ, ಹಿಂಬದಿ,
ಮಗುವಿನ ಜ್ವರ ನೋಡುವಾಗ ನಾವು ಕೈ ತಿರುಗಿಸುತ್ತೇವಲ್ಲ, ಹಾಗೆ,
ಮೆಲ್ಲಗೆ ಮೇಲಕ್ಕೆ ತಳ್ಳಿತು.

"ಇದಕ್ಕೂ ವಾರದ ರಜಾ ಇರ್ತದಾ ಮಮ್ಮಿ?"
ಅಂಬಿಕಾ ಕಿವಿಯಲ್ಲಿ ಕೇಳಿದಳು.
ಖಾಜಾಸಾಬನೇ ಉತ್ತರ ಕೊಟ್ಟ:
"ನಾಳೆ ಆಯ್ತವಾರ. ಜನ ಹೆಚ್ಚು, ಬೆಲ್ಲಾನೂ ಹೆಚ್ಚು."

ಸೋಮವಾರ ಗಾದಿಲಿಂಗಪ್ಪ ಬಂದ, ಹೊಲಿಗೆ ಬಿಚ್ಚಿಸಲು.
ಹೇಳಬಾರದು ಅಂದುಕೊಂಡೇ ಹೇಳಿದೆ,
ಕತ್ತರಿ ಹಿಡಿದ ಕೈಗೆ ಮಾತು ಬೇಕಾಗುತ್ತದೆ.
"ಮರಿ ಇದ್ವಾ?" ಅಂದ.
"ಎರಡು."
ಇಪ್ಪತ್ತೊಂದನೆಯದು ಕತ್ತರಿಸಿದೆ, ಇಪ್ಪತ್ತೆರಡನೆಯದು.
ಅವನು ಗೋಡೆಯ ಲಸಿಕೆ ಪಟ್ಟಿ ಓದುತ್ತಿದ್ದ, ಒಂದೇ ಕಣ್ಣಲ್ಲಿ.
"ಅವತ್ತೂ ಹಿಂದ ಪೊದಿಯಾಗ
ಏನೋ ಸಣ್ಣದು ಕುಂಯ್ ಅಂತಿತ್ತು.
ಯಾರಿಗೂ ಹೇಳಿಲ್ಲ. ಹೇಳಿದ್ರ
ನಂದಾ ತಪ್ಪು ಅಂತಾರ, ನೋಡ್ರೀ."

ಹೋಗುವಾಗ ಮೇಜಿನ ಮೇಲೆ ಒಂದು ಕವರು ಇಟ್ಟ.
ಸೀತಾಫಲ, ಕಣ್ಣು ಬಿಟ್ಟು ಹಣ್ಣಾದವು.
ಯಾವ ಗುಡ್ಡದವು ಅಂತ ನಾನು ಕೇಳಲಿಲ್ಲ.